ಕಣ್ಣು ನಿಂತ ಕಡೆ

ಹೊಸಕೋಟೆಯಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ದೃಷ್ಟಿಬೊಂಬೆ ತೂಗುತ್ತಿರುತ್ತದೆ. ಗುಡ್ಡೆ ಹೊರಬಂದ ಕಣ್ಣು, ಚಾಚಿದ ನಾಲಗೆ, ದಪ್ಪ ಮೀಸೆ. ಹೋಗಿಬರುವವರ ಕಣ್ಣು ಮನೆಗಿಂತ ಮೊದಲು ತನ್ನ ಮೇಲೆ ಬೀಳಲಿ ಎಂದೇ ಮಾಡಿದ ಮುಖ ಅದು. ಮನುಷ್ಯರೂಪದ ರೋಬೋಗಳ ಚಹರೆಯನ್ನು ನೋಡುವವರ ಕಣ್ಣಿನ ಜಾಡು ಹಿಡಿದು ಅಳೆಯುತ್ತಾರೆಂದು ತಿಳಿದಾಗ ನನಗೆ ಈ ಬೊಂಬೆಯೇ ನೆನಪಾಯಿತು.

ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕಣ್ಣಿನ ಮೇಲೆ ಬಿಡುತ್ತಾರೆ. ಅಲ್ಲಿ ಹೊಳೆಯುವ ಚುಕ್ಕೆ ಪಾಪೆಯಿಂದ ಎಷ್ಟು ಸರಿದಿದೆ ಎಂಬುದರ ಮೇಲೆ ಕ್ಯಾಮೆರಾ ನೋಟದ ಜಾಗ ಲೆಕ್ಕ ಹಾಕುತ್ತದೆ. ಕಣ್ಣು ಹೆಚ್ಚು ಹೊತ್ತು ನಿಂತ ಕಡೆ ಚಿತ್ರದಲ್ಲಿ ಕೆಂಪಾಗಿ ಕಾಣುತ್ತದೆ.

ಇದರಿಂದ ದೊಡ್ಡ ಉಪಯೋಗವಿದೆ. ರೋಬೋ ಹೇಗಿದೆ ಎಂದು ಕೇಳಿದರೆ ನಮ್ಮ ಕಡೆಯವರು 'ಚೆನ್ನಾಗೈತೆ ಸಾ' ಎಂದುಬಿಡುತ್ತಾರೆ. ಕಣ್ಣಿಗೆ ಆ ದಾಕ್ಷಿಣ್ಯವಿಲ್ಲ. 2020ರಲ್ಲಿ ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆಯಲ್ಲಿ ಕೋವಿಡ್ ತಪಾಸಣೆಗೆ ನಿಲ್ಲಿಸಿದ್ದ 'ಮಿತ್ರ' ರೋಬೋಗೆ ಮೇಲೆ ಮುಖ, ಎದೆಯ ಮೇಲೆ ಪರದೆ. ಗಾಬರಿಯಲ್ಲಿ ಬಂದ ರೋಗಿ ಮುಖವನ್ನೇ ನೋಡುತ್ತ ನಿಂತರೆ ಪರದೆ ಇದ್ದೂ ಇಲ್ಲದಂತೆ. ಅಂಥದ್ದನ್ನು ಈ ಉಪಕರಣ ಥಟ್ಟನೆ ತೋರಿಸುತ್ತದೆ. ಅದೇ ವರ್ಷ ಜನವರಿಯಲ್ಲಿ ಇಸ್ರೋ ಬೆಂಗಳೂರಿನಲ್ಲಿ ಜನರ ಮುಂದಿಟ್ಟ 'ವ್ಯೋಮಮಿತ್ರ' ಎಂಬ ರೋಬೋಗೆ ಕಾಲಿಲ್ಲ, ಮುಖ ಮಾತ್ರ ಹೆಣ್ಣಿನದೇ. ಮನುಷ್ಯರಂತೆ ಕಂಡೂ ಪೂರ್ತಿ ಮನುಷ್ಯರಾಗದ ಮುಖ ಮೈ ಜುಮ್ಮೆನ್ನಿಸುತ್ತದೆ ಎಂದು ಜಪಾನಿನ ರೋಬೋ ತಜ್ಞ ಮಸಾಹಿರೊ ಮೊರಿ 1970ರಲ್ಲೇ ಬರೆದಿದ್ದರು. ಆ ಕಸಿವಿಸಿ ಹುಟ್ಟುವುದು ಕಣ್ಣಿನಲ್ಲೋ ತುಟಿಯಲ್ಲೋ ಎಂದು ಹುಡುಕಲು ನೋಟದ ಜಾಡು ದಾರಿ ತೋರಬಹುದು.

ಆದರೆ ದೃಷ್ಟಿಬೊಂಬೆಯನ್ನು ಇದೇ ಪರೀಕ್ಷೆಗೆ ಒಡ್ಡಿದರೆ ಅದರ ಮುಖವೆಲ್ಲ ಕೆಂಪಾಗುತ್ತದೆ. ಅಷ್ಟಕ್ಕೇ ಅದು ಚೆಲುವಾಯಿತೇ? ಕಣ್ಣು ಮೆಚ್ಚಿಯೂ ನಿಲ್ಲುತ್ತದೆ, ಬೆಚ್ಚಿಯೂ ನಿಲ್ಲುತ್ತದೆ. ರಷ್ಯಾದ ಮನೋವಿಜ್ಞಾನಿ ಯಾರ್ಬಸ್ 1960ರ ದಶಕದಲ್ಲಿ ಒಂದೇ ವರ್ಣಚಿತ್ರ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದರು. ಪ್ರಶ್ನೆ ಬದಲಾದಂತೆ ಕಣ್ಣು ಓಡಾಡಿದ ದಾರಿಯೂ ಬದಲಾಯಿತು. ನಮ್ಮ ಹಳ್ಳಿಗಳಲ್ಲಿ ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಮರ್ಯಾದೆ. ಆ ಅಭ್ಯಾಸದಲ್ಲಿ ಬೆಳೆದವಳು ರೋಬೋದ ಕಣ್ಣು ತಪ್ಪಿಸಿದರೆ ಯಂತ್ರ ಅದನ್ನು ಅಸಡ್ಡೆಯ ಲೆಕ್ಕಕ್ಕೆ ಬರೆದೀತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ದಪ್ಪ ಕನ್ನಡಕದ ಪ್ರತಿಫಲನ, ಜೋತ ರೆಪ್ಪೆ, ಪೊರೆ ಬಂದ ಕಣ್ಣು ಇವೆಲ್ಲ ಅಳತೆಯನ್ನು ಕೆಡಿಸುತ್ತವೆ. ಅಂಥವರ ದಾಖಲೆಯನ್ನು ಕೈಬಿಟ್ಟರೆ ಕೊನೆಗೆ ಉಳಿಯುವುದು ಎಳೆಯರ ಕಣ್ಣು. ಆದರೆ ಆಸ್ಪತ್ರೆಯ ರೋಬೋ ಎದುರು ದಿನವೂ ನಿಲ್ಲಬೇಕಾದವರು ಅಜ್ಜ ಅಜ್ಜಿಯರು.

ಹಾಗೆಂದು ಉಪಕರಣವನ್ನೇ ಬೇಡವೆನ್ನಲಾರೆ. ಅಳೆದಾದ ಮೇಲೆ ಅವರವರ ನೋಟದ ಜಾಡನ್ನು ಅವರಿಗೇ ತೋರಿಸಿ, 'ಇಲ್ಯಾಕೆ ನಿಂತ್ರಿ ಅಜ್ಜಿ?' ಎಂದು ಕೇಳುವ ಕ್ರಮವೂ ಇದೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಕೊಟ್ಟ ಪರೀಕ್ಷೆಯನ್ನು ಮಾತ್ರ ನಾನು ನಂಬುತ್ತೇನೆ.