ಕಾಲುವೆಯ ಕೊನೆಯ ಹೊಲ

ನಮ್ಮ ಗಡಿಭಾಗದಲ್ಲಿ ‘ಗಾದಿ ಸರದೈತಿ’ ಎನ್ನುವ ಮಾತು ಕೇಳದ ಊರಿಲ್ಲ. ಉಗಾರದ ಕಡೆ ಕಬ್ಬು ಹೊತ್ತವರು ಹೇಳುತ್ತಾರೆ, ನಿಪ್ಪಾಣಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟುವ ಹೆಣ್ಣುಮಕ್ಕಳು ಹೇಳುತ್ತಾರೆ, ಅಥಣಿಯಲ್ಲಿ ಬಗ್ಗಿ ಚಪ್ಪಲಿ ಹೊಲಿಯುವವರೂ ಹೇಳುತ್ತಾರೆ. ಗಾದಿ ಎಂದರೆ ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಡಿಸ್ಕ್. ಸರಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಒಳಗೊಳಗೆ ಹಸಿದಿರಬಹುದು ಎಂಬ ಲೆಕ್ಕಾಚಾರಕ್ಕೆ ಈಗ ಅರ್ಧ ಶತಮಾನ. ಆ ಲೆಕ್ಕ ಎಲ್ಲಿಗೆ ಬಂದಿದೆ ಎಂದು ಹೊರಳಿ ನೋಡುವ ಹೊತ್ತಿದು.

ಡಿಸ್ಕ್‌ನ ನಡುಭಾಗಕ್ಕೆ ರಕ್ತನಾಳವಿಲ್ಲ. ಮೇಲಿನ, ಕೆಳಗಿನ ಮೂಳೆಯವರೆಗೆ ಬಂದ ರಕ್ತ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಗ್ಲೂಕೋಸ್, ಆಮ್ಲಜನಕಗಳು ಮೃದ್ವಸ್ಥಿಯ ತೆಳು ಪದರ ದಾಟಿ ಜಿನುಗುತ್ತ ಹೋಗಬೇಕು. ನಟ್ಟನಡುವಿನ ಜೀವಕೋಶಕ್ಕೆ ಏಳೆಂಟು ಮಿಲಿಮೀಟರ್ ದಾರಿ. ಕಾಲುವೆಯ ಕೊನೆಯ ಹೊಲದವನ ಪಾಡು ಬಲ್ಲ ರಾಯಬಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಯ ದಂಡೆಯವರಿಗೆ ಇನ್ನರ್ಧವೂ ಗೊತ್ತು: ನೀರು ಬಂದರಷ್ಟೇ ಸಾಲದು, ಬಸಿದು ಹೋಗಬೇಕು, ಇಲ್ಲದಿದ್ದರೆ ಹೊಲ ಸವಳಾಗುತ್ತದೆ. ಕೋಶಗಳು ಹೊರಬಿಡುವ ಲ್ಯಾಕ್ಟಿಕ್ ಆಮ್ಲವೂ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಪದರ ಬಿಗಿದುಕೊಂಡರೆ ಒಳಗೆ ಬರವೂ ಹೌದು, ಸವಳೂ ಹೌದು.

1975ರಲ್ಲಿ ಆಲಿಸ್ ಮರೂಡಾಸ್, ಜೋಸೆಲಿನ್ ಅರ್ಬನ್ ಮೊದಲಾದವರು ಡಿಸ್ಕ್‌ನಲ್ಲಿ ಗ್ಲೂಕೋಸ್ ಹರಡುವ ಪರಿಯನ್ನು ಅಳೆದರು. ಬುನಾದಿ ಅದು. 2003ರಲ್ಲಿ ಸೆಲಾರ್ಡ್, ಶಿರಾಜಿ-ಅದ್ಲ್ ಮತ್ತು ಅರ್ಬನ್ ಡಿಸ್ಕನ್ನು ಗಣಕದಲ್ಲಿ ಪುಟ್ಟ ಪುಟ್ಟ ತುಂಡುಗಳಾಗಿ ಕತ್ತರಿಸಿ, ಪದರ ಮುಚ್ಚಿಕೊಂಡಂತೆ ಯಾವ ತುಂಡಿನಲ್ಲಿ ಎಷ್ಟು ಹಸಿವು ಎಂದು ಎಣಿಸಿದರು. ಆಮೇಲಿನವರು ಗ್ಲೂಕೋಸ್, ಆಮ್ಲಜನಕ, ಆಮ್ಲ ಮೂರನ್ನೂ ಹೆಣೆದರು. ಹಸಿದ ಕೋಶ ಸಾಯುವುದನ್ನೂ ಲೆಕ್ಕಕ್ಕೆ ತಂದರು. ನಮ್ಮ ನೆರೆರಾಜ್ಯದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ತಂಡ ಇದನ್ನು ಬದುಕಿರುವವರ ಬೆನ್ನಿನಲ್ಲೇ ನೋಡಿತು: ರಕ್ತಕ್ಕೆ ಔಷಧ ಬಿಟ್ಟು, 24 ತಾಸು ಮತ್ತೆ ಮತ್ತೆ ಎಂಆರ್‌ಐ ತೆಗೆದು, ಅದು ಡಿಸ್ಕ್‌ನೊಳಗೆ ಇಳಿಯುವ ನಿಧಾನವನ್ನು 2004ರಲ್ಲಿ ಪ್ರಕಟಿಸಿತು. ಪದರದ ಆರೋಗ್ಯವೇ ಮುಖ್ಯ ಎಂಬುದಕ್ಕೆ ಆ ಚಿತ್ರಗಳು ಸಾಕ್ಷಿಯಾದವು.

ಇಷ್ಟು ಜಮೆಯ ಬಾಬತ್ತು. ಖರ್ಚಿನ ಕಡೆ ನೋಡಿದರೆ ನಮಗೆ ಸಮಾಧಾನವಿಲ್ಲ.

ಹೊರೆ ಎತ್ತುವಾಗ ಡಿಸ್ಕ್ ಮೇಲೆ ಬೀಳುವ ಒತ್ತಡಕ್ಕೆ ಹೆಚ್ಚಿನವರು ಈಗಲೂ ನೆಚ್ಚುವ ಅಂಕಿ ಜರ್ಮನಿಯ ವಿಲ್ಕೆ ತಂಡ 1999ರಲ್ಲಿ ಕೊಟ್ಟದ್ದು. ನಿಂತಾಗ 0.5 ಮೆಗಾಪಾಸ್ಕಲ್, ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3. ಆ ಅಳತೆ ಸಿಕ್ಕಿದ್ದು ಒಬ್ಬನೇ ಒಬ್ಬ ಸ್ವಯಂಸೇವಕನ ಬೆನ್ನಿನಿಂದ! ಡಿಸ್ಕ್ ಸವೆಯುವುದಕ್ಕೆ ದುಡಿಮೆಗಿಂತ ವಂಶವಾಹಿಯ ಪಾಲೇ ದೊಡ್ಡದು ಎಂದು ಫಿನ್ಲೆಂಡಿನ ಅವಳಿ ಗಂಡಸರ ಅಧ್ಯಯನ 1995ರಲ್ಲಿ ಹೇಳಿತು. ಅದನ್ನು ತಳ್ಳಿಹಾಕಲಾಗದು. ಆದರೆ ಅದನ್ನೇ ಹಿಡಿದು ‘ಅವರ ಹಣೆಬರಹ’ ಎಂದು ಕೈತೊಳೆದುಕೊಳ್ಳುವ ಗುತ್ತಿಗೆದಾರನಿಗೆ, ಅಲ್ಲಿ ಅಳೆದದ್ದು ಫಿನ್ಲೆಂಡಿನ ದುಡಿಮೆ, ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಲಾರಿಗೆ ಒರಗಿಸಿದ ಹಲಗೆ ಹತ್ತುವ ದುಡಿಮೆಯಲ್ಲ ಎಂದು ನೆನಪಿಸಬೇಕಾಗುತ್ತದೆ. ಧೂಮಪಾನ ಡಿಸ್ಕ್‌ಗೆ ಕೆಡುಕು ಎಂದು ಅವಳಿಗಳನ್ನೇ ಹೋಲಿಸಿ 1991ರಲ್ಲಿ ತೋರಿಸಿದ್ದಾರೆ. ಬೀಡಿ ಸೇದುವವನ ಬೆನ್ನಿಗೆ ಸಿಕ್ಕ ಗಮನ ಕಟ್ಟುವವಳ ಬೆನ್ನಿಗೂ ಸಿಗಲಿ ಎನ್ನುವುದು ನಿಪ್ಪಾಣಿಯ ಮಟ್ಟಿಗೆ ದೊಡ್ಡ ಬೇಡಿಕೆಯೇನಲ್ಲ.

ಇನ್ನೊಂದು ಸಣ್ಣ ಸಂಗತಿ. ರಾತ್ರಿ ಮಲಗಿದಾಗ ಒತ್ತಡ ಇಳಿದು ಡಿಸ್ಕ್ ನೀರು ಹೀರಿ ಮತ್ತೆ ಉಬ್ಬುತ್ತದೆ. ಅದಕ್ಕೇ ಡಿಸ್ಕ್‌ನ ಹಲವು ಗಣಕ ಮಾದರಿಗಳು ದಿನವನ್ನು 16 ತಾಸು ಹೊರೆ, 8 ತಾಸು ವಿಶ್ರಾಂತಿ ಎಂದು ಪಾಲು ಹಾಕಿಕೊಂಡಿವೆ. ಹಂಗಾಮಿನಲ್ಲಿ ಕಬ್ಬಿನ ಗಾಡಿ ನಡುರಾತ್ರಿಗೆ ಬಂದರೆ ಕಬ್ಬು ಕಡಿಯುವವರ ಟೋಳಿ ಆಗಲೇ ಎದ್ದು ಹೇರಬೇಕು, ಬೆಳಕು ಹರಿಯುವ ಮೊದಲೇ ಮತ್ತೆ ಕಡಿಯಲು ಇಳಿಯಬೇಕು. ಆ 8 ತಾಸು ಅವರ ಗುಡಿಸಲಲ್ಲಿ ಇಲ್ಲ.