ತಾನೇ ಬಂದು ತಾನೇ ಹೋಗುವ ರಕ್ತದೋಷ

ಹುಟ್ಟಿ ಎರಡೇ ದಿನವಾದ ಹಸುಗೂಸು. ರಕ್ತ ಪರೀಕ್ಷಿಸಿದರೆ ಬಿಳಿಯ ಕಣಗಳ ಸಂಖ್ಯೆ ವಿಪರೀತ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಲಿಯದ ಕಣಗಳ ಹಿಂಡು. ಥೇಟ್ ರಕ್ತದ ಕ್ಯಾನ್ಸರ್! ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ, ಯಾವ ಔಷಧಿಯೂ ಇಲ್ಲದೆ, ಇಂತಹ ಹೆಚ್ಚಿನ ಶಿಶುಗಳ ರಕ್ತ ತಿಳಿಯಾಗುತ್ತದೆ. ಇದು ಪವಾಡವೇ?

ಅಲ್ಲ. ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಈ ದೋಷ ಕಾಣಿಸಿಕೊಳ್ಳುತ್ತದೆ. ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿರುತ್ತವೆಯಷ್ಟೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ. ಇದನ್ನು 1959ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು.

ಗರ್ಭದಲ್ಲಿರುವಾಗ ಬಹುಕಾಲ ರಕ್ತ ತಯಾರಾಗುವುದು ಶಿಶುವಿನ ಯಕೃತ್ತಿನಲ್ಲಿ. ಹೆಚ್ಚುವರಿ ವರ್ಣತಂತುವಿನಿಂದಾಗಿ ಅಲ್ಲಿ ಕೆಲವು ಮೂಲಕಣಗಳು ಅತಿಯಾಗಿ ಬೆಳೆಯುತ್ತವೆ. ಅವುಗಳಲ್ಲೊಂದರ 'ಗಾಟಾ-1' ಎಂಬ ಜೀನ್ ಕೆಟ್ಟರೆ, ಆ ಕಣ ಬಲಿಯದೆಯೇ ಸಾವಿರಾರು ಮರಿಗಳನ್ನು ಹಾಕುತ್ತದೆ. ಹುಟ್ಟುವ ಹೊತ್ತಿಗೆ ರಕ್ತ ತಯಾರಿಸುವ ಕೆಲಸ ಮೂಳೆಯ ಮಜ್ಜೆಗೆ ವರ್ಗವಾಗುತ್ತದೆ. ಯಕೃತ್ತಿನ ಪೋಷಣೆ ತಪ್ಪಿದ ಆ ಕಣಗಳು ಕ್ರಮೇಣ ನಶಿಸುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. ಕೆಲವು ಶಿಶುಗಳಲ್ಲಿ ಯಕೃತ್ತು ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರಿಗೆ ಸೈಟರಬಿನ್ ಎಂಬ ಔಷಧಿಯನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಗುಣವಾದವರಲ್ಲೂ ಐವರಲ್ಲಿ ಒಬ್ಬರಿಗೆ ನಾಲ್ಕು ವರ್ಷ ತುಂಬುವುದರೊಳಗೆ ನಿಜವಾದ ರಕ್ತದ ಕ್ಯಾನ್ಸರ್ ಬರಬಹುದು. ಎಲ್ಲೋ ಅಡಗಿ ಉಳಿದ ಕಣಗಳಲ್ಲಿ ಇನ್ನಷ್ಟು ಜೀನ್‌ಗಳು ಕೆಡುವುದೇ ಇದಕ್ಕೆ ಕಾರಣ. ಬೇಗ ಪತ್ತೆಯಾಗಿ ಸರಿಯಾದ ಚಿಕಿತ್ಸೆ ದೊರೆತರೆ ಈ ಮಕ್ಕಳಲ್ಲಿ ಬಹುಪಾಲು ಮಂದಿ ಗುಣಹೊಂದುತ್ತಾರೆ. ಆದ್ದರಿಂದ ಮಗು ಆಡಿಕೊಂಡಿದ್ದರೂ ವೈದ್ಯರು ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು.

ಇನ್ನೊಂದು ಎಚ್ಚರ ಎಲ್ಲ ತಂದೆತಾಯಿಯರಿಗೂ ಬೇಕು. ಆ ಮೂರು ತಿಂಗಳಲ್ಲಿ ಯಾರು ಬೇರು ತೇಯ್ದು ಕುಡಿಸಿದರೂ, ಯಾರು ತಾಯಿತ ಕಟ್ಟಿದರೂ ಗುಣವಾದ ಕೀರ್ತಿ ಅವರಿಗೇ ಸಲ್ಲುತ್ತದೆ! ಆ ಮಾತನ್ನು ನಂಬಿ ಬೇರೊಂದು ಮನೆಯವರು ತಮ್ಮ ಆರು ವರ್ಷದ ಮಗುವಿನ ರಕ್ತದ ಕ್ಯಾನ್ಸರಿಗೂ ಅದನ್ನೇ ಮಾಡುತ್ತಾ ಕೂತರೆ? ಆ ರೋಗ ತಾನಾಗಿ ಹೋಗುವಂಥದಲ್ಲ. ಆದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದರೆ ಅದೂ ಇಂದು ಗುಣವಾಗಬಲ್ಲ ರೋಗವೇ.