ಭೇದಿ ನಿಂತಿತು, ಹಿಮ್ಮಡಿ ಹಿಡಿಯಿತು

ಮಾರಿಕಣಿವೆ ಸುತ್ತಲಿನ ಹಳ್ಳಿಗಳಲ್ಲಿ ಕಾಲುನೋವಿಗೆ ಕಾರಣ ಹುಡುಕಬೇಕಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಇದೆ, ವಯಸ್ಸಿದೆ, ತೋಟದ ದುಡಿಮೆಯಿದೆ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿ ಎನ್ನುತ್ತೇವೆ ನಾವು: ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆ.

ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಲ್ಲ ಒಂದೇ ಮನೆತನದ ಆಂಟಿಬಯೋಟಿಕ್‌ಗಳು. ಭೇದಿ, ಉರಿಮೂತ್ರ ಎಂದರೆ ಸಾಕು, ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಮಾಂಸಖಂಡವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಈ ಮಾತ್ರೆಗಳಿಂದ ಊದಿಕೊಳ್ಳಬಹುದು, ಹರಿದೂ ಹೋಗಬಹುದು. ಹೆಚ್ಚು ಪೆಟ್ಟು ಬೀಳುವುದು ಹಿಮ್ಮಡಿಯ ಮೇಲಿನ ರಜ್ಜುವಿಗೆ. ನೋವು ಎರಡೇ ದಿನಕ್ಕೆ ಬರಬಹುದು, ಮಾತ್ರೆ ಮುಗಿದು ತಿಂಗಳುಗಳಾದ ಮೇಲೂ ಬರಬಹುದು. ಇದು ಅಪರೂಪ, ಒಪ್ಪುತ್ತೇವೆ. ಆದರೆ 60 ದಾಟಿದವರಿಗೆ, ಮಂಡಿನೋವಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ನುಂಗುವವರಿಗೆ ಅಪಾಯ ಹೆಚ್ಚು. ಅಂಥವರು ನಮ್ಮ ಊರುಗಳಲ್ಲಿ ಕಡಿಮೆಯೇ?

ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಬೇರೆ ಔಷಧ ಇರುವಾಗ ಸರಳ ಮೂತ್ರದ ಸೋಂಕಿಗೆ ಇವು ಬೇಡ ಎಂದು 2016ರಲ್ಲಿ ಹೇಳಿದರು. ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಇವು ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಲಿವೊಫ್ಲಾಕ್ಸಾಸಿನ್ ಅಂತೂ 2014ರಿಂದ ಎಚ್1 ಪಟ್ಟಿಯಲ್ಲಿದೆ. ಬರೆದ ವೈದ್ಯರ, ಕೊಂಡ ರೋಗಿಯ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಆ ಪುಸ್ತಕವನ್ನು ತೆರೆದು ನೋಡುವವರು ಯಾರು?

ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಗುತ್ತದಲ್ಲ ಎನ್ನುವವರಿದ್ದಾರೆ. ನಿಜ. ಹಿಮ್ಮಡಿಯ ರಜ್ಜು ಹರಿದರೆ ತಿಂಗಳುಗಟ್ಟಲೆ ಕೂಲಿ ಹೋಗುತ್ತದೆ. ತೆಂಗಿನ ಮರ ಹತ್ತುವವನಿಗೆ, ಅಡಿಕೆ ಗೊನೆ ಹೊರುವವನಿಗೆ, ಕುರಿ ಹಿಂದೆ ನಡೆಯುವವನಿಗೆ ಕಾಲೇ ಬಂಡವಾಳ. ಅಲ್ಲದೆ ಸಾಮಾನ್ಯ ಭೇದಿಗೆ ಬಹುಪಾಲು ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ, ಓಆರ್‌ಎಸ್ ಸಾಕು.

ಈ ಔಷಧಗಳೇ ಬೇಡ ಎನ್ನುತ್ತಿಲ್ಲ. ಮಾಮೂಲಿ ಮಾತ್ರೆಗೆ ಬಗ್ಗದ ಕ್ಷಯಕ್ಕೆ ಇವು ಬೇಕು. ನಾವು ಕೇಳುವುದಿಷ್ಟೇ. ಅಂಗಡಿಯವರು ಚೀಟಿ ಕೇಳಲಿ. ಔಷಧ ನಿಯಂತ್ರಣ ಇಲಾಖೆಯವರು ಪುಸ್ತಕ ತೆರೆಸಲಿ. ‘ಹಿಮ್ಮಡಿ ನೋವು ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲು ನನ್ನ ಹತ್ತಿರ ಬನ್ನಿ’ ಎಂದು ಡಾಕ್ಟರು ಕನ್ನಡದಲ್ಲಿ ಹೇಳಲಿ. ನೋವು ಕಂಡವರು ಔಷಧದ ಅಡ್ಡಪರಿಣಾಮ ದಾಖಲಿಸುವ ಕೇಂದ್ರದ ಉಚಿತ ಸಂಖ್ಯೆ 1800-180-3024ಕ್ಕೆ ಫೋನ್ ಮಾಡಲಿ. ಫ್ಲೋರೈಡಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡ ನೋವುಗಳಲ್ಲಿ ಮಾತ್ರೆಯ ಪಾಲೆಷ್ಟು ಎಂಬುದು ಆಗ ಹೊರಬರುತ್ತದೆ.